ಎಡಬದಿಯಿಂದ ಬಂದ ಗೋಲುಗಳು

ಜನವರಿ ತಿಂಗಳ ಮೂರನೆಯ ಶನಿವಾರ, ಬೆಳಗ್ಗೆ ಆರೂವರೆ. ಸ್ಥಳ ಪುತ್ತೂರು, ಕಾಲೇಜಿನ ಹಿಂದಿನ ಗೇಟು. ಹಾಜರಿದ್ದವರು: ಫುಟ್‌ಬಾಲ್ ತಂಡದ ಹುಡುಗರು, ವ್ಯಾಯಾಮದ ಮಾಸ್ಟ್ರು, ವ್ಯಾನಿನ ಚಾಲಕ, ಮತ್ತು ತಂಡದ ಮ್ಯಾನೇಜರ್ ಎಂಬ ಹೆಸರಿನಲ್ಲಿ ನಾನು. ಬರಬೇಕಾಗಿದ್ದವರಲ್ಲಿ ಇಬ್ಬರು ಇರಲಿಲ್ಲ. ಒಬ್ಬನಿಗೆ ಜ್ವರ, ಇನ್ನೊಬ್ಬನ ಅಕ್ಕನಿಗೆ ಮದುವೆ. ಜ್ವರದವನ ಮನೆಗೆ ಫೋನು ಮಾಡಿ ಅವನ ತಾಯಿಯ ಬಾಯಿಂದಲೇ ಕೇಳಿ ಖಾತ್ರಿ ಮಾಡಿಕೊಂಡೆ. ಮದುವೆಯ ಆಮಂತ್ರಣ ನನಗೂ ಬಂದಿತ್ತು.

ಹೋಗಬೇಕಾದದ್ದು ಸುಳ್ಯಕ್ಕೆ, ಆ ವರ್ಷದ ಕೊನೆಯ ಪಂದ್ಯಕ್ಕೆ. ಅದಕ್ಕೆ ಮೊದಲಿನ ಪಂದ್ಯಗಳನ್ನೆಲ್ಲ ನಾವು ಸೋತಿದ್ದೆವು. ಇದನ್ನು ಗೆದ್ದರೂ ಪಟ್ಟಿಯಲ್ಲಿ ಕೊನೆಯ ಜಾಗವೇ ನಮ್ಮದು. ಆದುದರಿಂದ ಗೆಲುವಿನ ಚಿಂತೆ ಯಾರಿಗೂ ಇರಲಿಲ್ಲ. ನನಗಿದ್ದ ಚಿಂತೆ ಬೇರೆ. ಅಂದು ಸಂಜೆಯೊಳಗೆ ನಾನು ಪ್ರಾಂಶುಪಾಲರಿಗೆ ಒಂದು ಮಾತು ಹೇಳಬೇಕಾಗಿತ್ತು: ನಮ್ಮ ಎಡಬದಿಯ ರಕ್ಷಣೆ ಆಟಗಾರ ಬೇಕೆಂದೇ ಗೋಲು ಬಿಟ್ಟುಕೊಡುತ್ತಿದ್ದಾನೋ ಇಲ್ಲವೋ.

ಹೌದೆಂದರೆ ಅವನನ್ನು ತಂಡದಿಂದ ತೆಗೆಯುತ್ತಾರೆ. ತಂಡದಿಂದ ತೆಗೆದರೆ ಹಾಸ್ಟೆಲಿನ ಮಂಚ ಹೋಗುತ್ತದೆ. ಅವನಿಗೆ ಆ ಮಂಚ ಸಿಕ್ಕಿದ್ದು ಆಟಗಾರರ ಪಾಲಿನಲ್ಲಿ. ಅವನ ಮನೆ ಕಡಬದ ಕಡೆ, ರಾಮಕುಂಜದಿಂದ ಒಳಗೆ ಹೋಗಿ, ಅಲ್ಲಿಂದ ಇನ್ನೂ ಒಳಗೆ. ಆ ದಾರಿಯ ಕೊನೆಯ ಬಸ್ಸು ಹೊರಡುವ ಹೊತ್ತಿಗೆ ಕಾಲೇಜಿನ ಪ್ರಯೋಗಾಲಯದ ತರಗತಿಗಳು ಮುಗಿದಿರುವುದಿಲ್ಲ. ಮಂಚ ಇಲ್ಲದಿದ್ದರೆ ಓದು ಇಲ್ಲ, ಲೆಕ್ಕ ಅಷ್ಟೇ. ಇದು ಅವನಿಗೂ ಗೊತ್ತಿತ್ತು. ವ್ಯಾನಿನಲ್ಲಿ ಅವನು ಎಲ್ಲರಿಗಿಂತ ಹಿಂದೆ, ಚೆಂಡಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಚೀಲ ಅಲ್ಲಿ ಯಾಕೆ ಹೋಯಿತು ಎಂದು ನಾನು ಎದ್ದು ಹೋಗಿ ನೋಡಿ, ಅದನ್ನು ನನ್ನ ಕಾಲ ಬುಡಕ್ಕೆ ತಂದಿಟ್ಟುಕೊಂಡೆ.

ನಾನು ಈ ಕೆಲಸಕ್ಕೆ ಹೇಗೆ ಬಂದೆ ಎಂಬುದನ್ನು ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ಅರಂತೋಡಿನಲ್ಲಿ, ದುಡಿದದ್ದು ರೈಲ್ವೆಯಲ್ಲಿ. ಘಟ್ಟದ ಹಳಿಯ ಸಣ್ಣ ಸಣ್ಣ ಸ್ಟೇಶನುಗಳಲ್ಲಿ ಮಾಸ್ಟರಾಗಿ ಇದ್ದು, ನಿವೃತ್ತಿಯ ಮೇಲೆ ಪುತ್ತೂರಿನಲ್ಲಿ ಮನೆ ಮಾಡಿದೆ. ಬೆಳಗ್ಗೆ ಕಾಲೇಜಿನ ಮೈದಾನದಲ್ಲಿ ನಡೆಯುವುದು ನನ್ನ ಕ್ರಮ. ಅಲ್ಲಿ ಹುಡುಗರು ಹೊತ್ತಿಗೆ ಸರಿಯಾಗಿ ಬಾರದಿರುವುದು, ನೀರಿನ ಡಬ್ಬ ಮುಚ್ಚದೆ ಇಡುವುದು, ಚೆಂಡು ಹೊಳೆಬದಿಯ ಕಾಡಿಗೆ ಹೋದರೆ ಹುಡುಕದೆ ಬಿಡುವುದು, ಇದನ್ನೆಲ್ಲ ಕಂಡು ಒಂದು ದಿನ ಪ್ರಾಂಶುಪಾಲರಿಗೆ ಹೇಳಿದೆ. ಹಾಗಾದರೆ ನೀವೇ ನೋಡಿಕೊಳ್ಳಿ ಎಂದರು ಅವರು. ಅದು ತಮಾಷೆಗೆ ಹೇಳಿದ್ದಿರಬಹುದು. ಮರುದಿನ ಐದೂಮುಕ್ಕಾಲಿಗೆ ನಾನು ಹಾಜರಿದ್ದೆ.

ಆಟ ನನಗೆ ಬಾರದು. ಹಾಜರಿ, ನೀರು, ಔಷಧಿಯ ಪೆಟ್ಟಿಗೆ, ಅಂಗಿ, ಹೊತ್ತು ಇವಿಷ್ಟು ನನ್ನದು. ಆಟ ಕಲಿಸುವುದು ವ್ಯಾಯಾಮದ ಮಾಸ್ಟ್ರ ಕೆಲಸ. ಅವರು ಹೊಸಬರು, ಮೂವತ್ತು ದಾಟದವರು, ಸೋಲನ್ನು ಮೈಮೇಲೆ ಹಾಕಿಕೊಳ್ಳುವ ಜಾತಿ.

ಸೋಲು ಸುರುವಾದದ್ದು ಗುಂಪು ಮಾಡಿದಂದೇ ಎಂದು ನನ್ನ ಅಭಿಪ್ರಾಯ. ಅಂತರಕಾಲೇಜು ಲೀಗಿನಲ್ಲಿ ನಮ್ಮ ಗುಂಪಿಗೆ ಬಿದ್ದವರೆಲ್ಲ ಗಟ್ಟಿ ಕುಳಗಳು. ಮಂಗಳೂರಿನ ಕಡೆಯವರು, ಗಡಿಯ ಕಡೆಯವರು, ಆಟಕ್ಕೆಂದೇ ಕಾಸರಗೋಡಿನಿಂದ ಹುಡುಗರನ್ನು ಕರೆತಂದು ಸೇರಿಸಿಕೊಂಡವರು. ಮೆತ್ತಗಿನ ಕಾಲೇಜುಗಳೆಲ್ಲ ಮತ್ತೊಂದು ಗುಂಪಿನಲ್ಲಿ ಒಟ್ಟಿಗೆ ಹೇಗೆ ಕುಳಿತವು? ಚೀಟಿ ಎತ್ತಿದ್ದಂತೆ. ಎತ್ತುವಾಗ ನಮ್ಮವರು ಯಾರಿದ್ದರು ಎಂದು ಕೇಳಿದರೆ ಮಾಸ್ಟ್ರು, ಅಂದು ನನಗೆ ಬೇರೆ ಮೀಟಿಂಗ್ ಇತ್ತು ಎಂದರು. ನಾನು ಮತ್ತೇನೂ ಕೇಳಲಿಲ್ಲ, ಮರೆಯಲೂ ಇಲ್ಲ.

ಆಮೇಲಿನದೆಲ್ಲ ನಾನು ಕಣ್ಣಾರೆ ಕಂಡದ್ದು. ಒಂದು ಕಡೆ ರೆಫರಿ ಆತಿಥೇಯ ತಂಡದವರ ಜತೆಗೆ ಇಡ್ಲಿ ತಿಂದು ಕೈ ಒರೆಸಿಕೊಂಡು ಬಂದ. ಇನ್ನೊಂದು ಕಡೆ ಚೆಂಡಿನಲ್ಲಿ ಗಾಳಿ ಕಡಿಮೆ ಇತ್ತು. ನಾನು ಹೆಬ್ಬೆರಳಲ್ಲಿ ಒತ್ತಿ ತೋರಿಸಿದ್ದಕ್ಕೆ, ನೀವು ತೆಂಗಿನಕಾಯಿ ವ್ಯಾಪಾರಕ್ಕೆ ಬಂದದ್ದಾ ಎಂದು ಕೇಳಿದರು. ಮತ್ತೊಂದು ಕಡೆ ನಮಗೆ ಕೊಟ್ಟ ಬದಿಯ ಗೋಲಿನೆದುರು ಮಾತ್ರ ನೀರು ಹಾಕಿ ನೆಲ ಜಾರುವಂತೆ ಮಾಡಿದ್ದರು. ಧೂಳು ಏಳಬಾರದೆಂದು ಹಾಕಿದ್ದಂತೆ. ಧೂಳು ಆಚೆ ಬದಿಯಲ್ಲಿ ಏಳುವುದಿಲ್ಲವೇ?

ಆದರೆ ಇವೆಲ್ಲ ಹೊರಗಿನವು. ಹೊರಗಿನದಕ್ಕೆ ಹುಡುಗರು ನಗುತ್ತಿದ್ದರು. ಒಳಗಿನದು ಕಾಣಿಸಿದ ಮೇಲೆ ನಗು ನಿಂತಿತು. ಒಳಗಿನದು ಏನೆಂದರೆ, ನಮ್ಮ ಮೇಲೆ ಬಿದ್ದ ಗೋಲುಗಳು ಹೆಚ್ಚುಕಡಿಮೆ ಎಲ್ಲವೂ ಎಡಬದಿಯಿಂದಲೇ ಬಂದವು. ಅಲ್ಲಿ ನಿಲ್ಲಬೇಕಾದವನು ಸರಿಯಾದ ಗಳಿಗೆಯಲ್ಲಿ ತನ್ನ ಜಾಗ ಬಿಟ್ಟು, ಗೋಲಿನ ಕಡೆಗೆ ಹಿಂದೆ ಹಿಂದೆ ಓಡಿಬರುತ್ತಿದ್ದ. ತೆರೆದ ಗೇಟಿನಲ್ಲಿ ದನ ನುಗ್ಗಿದಂತೆ ಎದುರಾಳಿಗಳು ನುಗ್ಗುತ್ತಿದ್ದರು. ಬೇರೆ ಹೊತ್ತಿನಲ್ಲಿ ಅವನಷ್ಟು ಗಟ್ಟಿಯಾಗಿ ಆಡುವವನು ಇನ್ನೊಬ್ಬನಿಲ್ಲ. ಅಪಾಯ ಬಂದಾಗ ಮಾತ್ರ ಹೀಗೆ. ಹೆದರಿಕೆಯೋ ಎಂದರೆ, ಆನೆ ಓಡಾಡುವ ದಾರಿಯಲ್ಲಿ ಶಾಲೆಗೆ ನಡೆದು ಬಂದ ಹುಡುಗ ಅವನು.

ಮಾಸ್ಟ್ರಿಗೆ ಮೊದಲು ಸಂಶಯ ಬಂತು, ನನಗೆ ಅದಕ್ಕಿಂತ ಮೊದಲೇ ಬಂದಿತ್ತು. ನಾನು ಇಬ್ಬರನ್ನು ಬೇರೆ ಬೇರೆಯಾಗಿ ಕರೆದು ವಿಚಾರಣೆ ಮಾಡಿದೆ. ರೈಲ್ವೆಯಲ್ಲಿ ಅವಘಡವಾದರೆ ಹೀಗೆಯೇ: ಒಬ್ಬನ ಹೇಳಿಕೆ ಇನ್ನೊಬ್ಬನಿಗೆ ಕೇಳಿಸಬಾರದು.

ಮೊದಲು ಎಡಬದಿಯವನು. ಗೋಲಿ ಕರೆದ, ನಾನು ಹೋದೆ ಎಂದ. ಗೋಲಿ ಎಂದರೆ ನಮ್ಮ ಗೋಲ್‌ಕೀಪರ್. ಪ್ರತಿ ಸಲವೂ ಕರೆದನೇ ಎಂದರೆ, ಹೌದು, ಅವ ಕರೆಯುದಕ್ಕೇ ನಾ ಹೋಗುದು, ಇಲ್ಲದಿದ್ದರೆ ನನಗೇನು ಹುಚ್ಚಾ ಎಂದ.

ಆಮೇಲೆ ಗೋಲಿ. ಅವನು ಘಟ್ಟದ ಮೇಲಿನವನು, ಸಕಲೇಶಪುರದ ಕಡೆ. ಆ ವರ್ಷವೇ ನಮ್ಮ ಕಾಲೇಜಿಗೆ ಬಂದು ಸೇರಿದವನು. ತುಳು ಒಂದಕ್ಷರ ಬಾರದು. ಚೆಂಡಿಗೆ ಮೈ ಒಡ್ಡುವುದರಲ್ಲಿ ಹಿಂದೆಮುಂದೆ ನೋಡದವನಾದುದರಿಂದ ಮಾಸ್ಟ್ರಿಗೆ ಅವನ ಮೇಲೆ ತುಂಬ ಮೆಚ್ಚುಗೆ. ನಾನು ಕರೆದೇ ಇಲ್ಲ ಎಂದ ಅವನು. ಪಕ್ಕಕ್ಕೆ ಸರಿ ಅಂತ ಹೇಳ್ತೀನಿ, ಅವನು ಬೇಕಂತಲೇ ಹಿಂದೆ ಓಡಿ ಬರ್ತಾನೆ, ಜಾಗ ಬಿಟ್ಟು ಬಾ ಅಂತ ಯಾವ ಗೋಲಿ ಕರೀತಾನೆ ಸಾರ್ ಎಂದ.

ಒಬ್ಬನು ಕರೆದ ಎನ್ನುತ್ತಾನೆ, ಇನ್ನೊಬ್ಬನು ಇಲ್ಲ ಎನ್ನುತ್ತಾನೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಒಬ್ಬನು ಸುಳ್ಳ. ಯಾರು? ಅವರಿಬ್ಬರು ಅಷ್ಟರಲ್ಲಿ ಪರಸ್ಪರ ಮಾತು ಬಿಟ್ಟಿದ್ದರು. ಗೋಲಿಗೆ ಎಡಬದಿಯವನು ತನ್ನ ಹೆಸರು ಹಾಳುಮಾಡುತ್ತಾನೆಂಬ ಸಂಶಯ, ಎಡಬದಿಯವನಿಗೆ ಗೋಲಿ ತನ್ನನ್ನು ಕರೆದು ಸಿಕ್ಕಿಸುತ್ತಾನೆಂಬ ಸಂಶಯ. ಅಭ್ಯಾಸದ ಹೊತ್ತಿನಲ್ಲಿ ಒಬ್ಬನು ನೀರು ಕುಡಿದು ಇಟ್ಟ ಬಾಟಲಿಯನ್ನು ಇನ್ನೊಬ್ಬನು ಮುಟ್ಟುತ್ತಿರಲಿಲ್ಲ.

ಸುಳ್ಯದ ಪಂದ್ಯಕ್ಕೆ ಒಂದು ವಾರ ಇರುವಾಗ ತಕ್ಕಡಿ ಒಂದು ಕಡೆಗೆ ವಾಲಿತು. ಎಡಬದಿಯವನ ಸೋದರಮಾವನ ಮಗ, ಇವನು ಭಾವ ಎಂದು ಕರೆಯುವವನು, ಸುಳ್ಯದ ತಂಡದ ಮುಂಚೂಣಿ ಆಟಗಾರ. ಇಬ್ಬರೂ ಪುತ್ತೂರು ಬಸ್‌ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತ, ತಲೆಗೆ ತಲೆ ತಾಗಿಸಿ ಮಾತಾಡುತ್ತಿದ್ದುದನ್ನು ಮಾಸ್ಟ್ರು ಕಂಡರು. ಮಾಸ್ಟ್ರನ್ನು ಕಂಡದ್ದೇ ಮಾತು ನಿಲ್ಲಿಸಿದರಂತೆ. ಮಾಸ್ಟ್ರು ನೇರ ಪ್ರಾಂಶುಪಾಲರ ಕೋಣೆಗೆ ಹೋದರು. ಪ್ರಾಂಶುಪಾಲರು ಮಾಸ್ಟ್ರ ಮಾತನ್ನು ಕೇಳಿದರು, ಆದರೆ ಅವರ ಸಿಟ್ಟನ್ನೂ ಬಲ್ಲವರಾದುದರಿಂದ, ಶನಿವಾರ ಸುಳ್ಯದಿಂದ ಬಂದ ಮೇಲೆ ನೀವು ಏನು ಹೇಳುತ್ತೀರೋ ಅದೇ ಎಂದು ನನಗೆ ಹೊರಿಸಿದರು.

ಹೀಗೆ ನಾವು ಕಾವು, ಜಾಲ್ಸೂರು ದಾಟಿ ಸುಳ್ಯ ಸೇರಿದೆವು. ಚಹಾಕ್ಕೆಂದು ನಿಲ್ಲಿಸಿದಲ್ಲಿ ನಾನು ಎಡಬದಿಯವನ ಫೋನು ಕೇಳಿ ತೆಗೆದುಕೊಂಡೆ. ಎಲ್ಲರದ್ದೂ ತೆಗೆದುಕೊಂಡೆ, ಅವನೊಬ್ಬನದ್ದು ಎಂದಾಗಬಾರದು. ಅವನು ಜೇಬಿನಿಂದ ತೆಗೆದು ಕೊಟ್ಟ. ತಂಡದ ನಾಯಕ ಬೆಟ್ಟಂಪಾಡಿ ಕಡೆಯ ಬ್ಯಾರಿ ಹುಡುಗ, ಅಪ್ಪನಿಗೆ ಬಟ್ಟೆ ಅಂಗಡಿ, ಅಣ್ಣಂದಿರು ಗಲ್ಫಿನಲ್ಲಿ. ಮಾತಿನಲ್ಲಿ ಯಾರಿಗೂ ಸೋಲುವವನಲ್ಲ. ಅವನು ಫೋನು ಕೊಡುತ್ತ, ಇಡೀ ವರ್ಷದಲ್ಲಿ ನಮ್ಮಿಂದ ಚೆಂಡು ಕಸಿದುಕೊಳ್ಳದವರು ನೀವೊಬ್ರೇ ಇದ್ರಿ, ಈಗ ಫೋನೂ ಹೋಯ್ತು ಎಂದ.

ಮೈದಾನ ಕೆಂಪು ನೆಲದ್ದು. ಒಂದು ಬದಿಗೆ ಗುಡ್ಡ ಕಡಿದ ಬರೆ, ಅದರ ಮೇಲೆ ನೋಡುವವರು. ತುಳು, ಅರೆಭಾಷೆ, ಮಲಯಾಳ, ಬ್ಯಾರಿ ಎಲ್ಲವೂ ಒಟ್ಟಿಗೆ ಕೇಳಿಸುತ್ತಿತ್ತು. ಪ್ರತಿ ಪಂದ್ಯದಲ್ಲೂ ನಾನು ಕುಳಿತುಕೊಳ್ಳುವುದು ಮೈದಾನದ ನಡುಗೆರೆಯ ನೇರಕ್ಕೆ, ನೀರು ಮತ್ತು ಔಷಧಿಯ ಪೆಟ್ಟಿಗೆಯ ಪಕ್ಕದಲ್ಲಿ. ಅಲ್ಲಿಂದ ನಮ್ಮ ಗೋಲು ಕಾಣಿಸುತ್ತದೆ, ಗೋಲಿ ಕೈಬೀಸಿ ಕೂಗುವುದೂ ಕಾಣಿಸುತ್ತದೆ, ಏನು ಕೂಗುತ್ತಾನೆ ಎಂಬುದು ಮಾತ್ರ ಈ ಗದ್ದಲದಲ್ಲಿ ಕೇಳಿಸುವುದಿಲ್ಲ. ಅಂದು ನಾನು ನಿರ್ಧಾರ ಮಾಡಿ ಬಂದಿದ್ದೆ. ಎರಡು ಸ್ಟೇಶನಿನವರು ಎರಡು ರೀತಿ ಹೇಳಿದರೆ ಕುರ್ಚಿಯಲ್ಲಿ ಕುಳಿತು ಯೋಚಿಸಬಾರದು, ಹಳಿಯ ಮೇಲೆ ನಡೆದು ನೋಡಬೇಕು. ಪೆಟ್ಟಿಗೆಯನ್ನು ಮಾಸ್ಟ್ರಿಗೆ ಒಪ್ಪಿಸಿ, ಹೊರಗೆ ಹೋದ ಚೆಂಡು ಹೆಕ್ಕಿಕೊಡಲು ಜನವಿಲ್ಲ ಎಂದು ರೆಫರಿಗೆ ಹೇಳಿ, ನಮ್ಮ ಗೋಲಿನ ಬಲೆಯ ಹಿಂದೆ ಹೋಗಿ ನಿಂತೆ. ಗೋಲಿ ತಿರುಗಿ ನೋಡಿ, ನೀವ್ಯಾಕೆ ಇಲ್ಲಿ ಸಾರ್ ಎಂದ. ಚೆಂಡು ಹೆಕ್ಕಲಿಕ್ಕೆ ಎಂದೆ. ಅವನು ನಂಬಲಿಲ್ಲ. ಅವನನ್ನೂ ನಾನು ಪೂರ್ತಿ ನಂಬಿರಲಿಲ್ಲ.

ಸುಮಾರು ಕಾಲು ಗಂಟೆಯ ತನಕ ನಮ್ಮವರು ಚೆನ್ನಾಗಿಯೇ ಆಡಿದರು. ನಾಯಕ ನಡುವಿನಲ್ಲಿ, ಬಲಬದಿಯಲ್ಲಿ ಇನ್ನೊಬ್ಬ ಬ್ಯಾರಿ ಹುಡುಗ, ಎಡಬದಿಯಲ್ಲಿ ಇವನು. ಆಮೇಲೆ ಸುಳ್ಯದ ಮುಂಚೂಣಿಯವನು, ಅಂದರೆ ಇವನ ಭಾವ, ನಾಯಕನಿಗೂ ಇವನಿಗೂ ನಡುವಿನ ಸಂದಿಯಲ್ಲಿ ಚೆಂಡು ತೆಗೆದುಕೊಂಡು ಬಂದ. ಎಡಬದಿಯವನು ಎರಡು ಹೆಜ್ಜೆ ಬಲಕ್ಕೆ ಸರಿದರೆ ಸಾಕು, ಸಂದಿ ಮುಚ್ಚುತ್ತದೆ. ಆಟ ಬಾರದ ನನಗೂ ಅದು ಕಂಡಿತು. ಗೋಲಿಗೂ ಕಂಡಿತು. ಅವನು ಕತ್ತಿನ ನರ ಉಬ್ಬಿಸಿ ಕೂಗಿದ:

“ಬಲ! ಬಲ! ಬಲ!”

ಎಡಬದಿಯವನು ತಿರುಗಿ ಗೋಲಿನ ಕಡೆಗೆ ಓಡಿಬಂದ. ಭಾವ ತೆರೆದ ಸಂದಿಯಲ್ಲಿ ನುಗ್ಗಿ ಚೆಂಡನ್ನು ಬಲೆಗೆ ಹೊಡೆದ. ಅದು ಬಲೆಯೊಳಗಿಂದ ಬಂದು ನನ್ನ ಮೊಣಕಾಲಿಗೆ ತಾಗಿತು.

ನಾನು ಚೆಂಡು ಹೆಕ್ಕಲಿಲ್ಲ. ಕಿವಿಗೆ ಬಿದ್ದದ್ದನ್ನೇ ಯೋಚಿಸುತ್ತ ನಿಂತೆ. ನಮ್ಮ ಮನೆಮಾತು ಅರೆಭಾಷೆ, ಅದರಲ್ಲಿ ಕರೆಯುವುದಾದರೆ ‘ಬಾ’. ಬ್ಯಾರಿಯಲ್ಲೂ ‘ಬಾ’. ತುಳುವಿನಲ್ಲಿ ಮಾತ್ರ ಕಿರಿಯರನ್ನು, ಸಮಾನರನ್ನು ಹತ್ತಿರ ಕರೆಯುವ ಮಾತು ‘ಬಲ’. ತಾಯಿ ಮಗುವನ್ನು ಕರೆಯುವುದು ಹಾಗೆ, ಗೆಳೆಯ ಗೆಳೆಯನನ್ನು ಕರೆಯುವುದು ಹಾಗೆ. ನಮ್ಮ ರಕ್ಷಣೆಯ ಸಾಲಿನಲ್ಲಿ ಮನೆಯಲ್ಲಿ ತುಳು ಮಾತಾಡುವವನು ಎಡಬದಿಯವನೊಬ್ಬನೇ.

ಅರ್ಧ ಆಟಕ್ಕೆ ಮೊದಲು ಅದೇ ರೀತಿಯಲ್ಲಿ ಇನ್ನೊಂದು ಗೋಲು ಬಿತ್ತು. ಆ ಸಲ ನಾನು ಗೋಲಿಯ ಬಾಯಿಯನ್ನೂ ಎಡಬದಿಯವನ ಕಾಲನ್ನೂ ಒಟ್ಟಿಗೆ ನೋಡಿದೆ. ಮಾತು ಹೊರಟದ್ದಕ್ಕೂ ಕಾಲು ತಿರುಗಿದ್ದಕ್ಕೂ ನಡುವೆ ಯೋಚನೆಗೆ ಜಾಗವಿರಲಿಲ್ಲ. ಮೋಸ ಮಾಡುವವನು ಒಂದು ಗಳಿಗೆಯಾದರೂ ಅತ್ತಿತ್ತ ನೋಡುತ್ತಾನೆ.

ಅರ್ಧ ಆಟದ ವಿರಾಮದಲ್ಲಿ ಎಲ್ಲರೂ ಬರೆಯ ನೆರಳಿನಲ್ಲಿ ಕುಳಿತರು. ಮಾಸ್ಟ್ರು ಎಡಬದಿಯವನ ಮುಖ ನೋಡದೆ, ಇನ್ನರ್ಧಕ್ಕೆ ನೀನು ಹೊರಗೆ ಕೂತುಕೋ ಎಂದರು. ಒಂದು ನಿಮಿಷ ಎಂದು ನಾನು ನಡುವೆ ಬಂದೆ. ವಿಚಾರಣೆಯಲ್ಲಿ ಒಂದು ನಿಯಮ ಉಂಟು: ಆಡಿದ ಮಾತನ್ನು ಆಡಿದ ಹಾಗೆಯೇ ಹೇಳಬೇಕು, ಸಾರಾಂಶ ಹೇಳಬಾರದು. ಹಿಂದೆ ಇಬ್ಬರೂ ನನಗೆ ಕೊಟ್ಟದ್ದು ಸಾರಾಂಶ. ಆದುದರಿಂದ ಗೋಲಿಯನ್ನು ಎದ್ದುನಿಲ್ಲಲು ಹೇಳಿದೆ.

“ಈಗ ಗೋಲು ಬೀಳುವ ಮೊದಲು ನೀನು ಕೂಗಿದ ಶಬ್ದ ಯಾವುದು? ಅದೊಂದೇ ಹೇಳು.”

“ಬಲ ಅಂದೆ ಸಾರ್.”

“ಅಂದರೆ?”

“ಅಂದರೆ ಬಲಗಡೆ ಸರಿ ಅಂತ. ಇನ್ನೇನು?”

ಎಡಬದಿಯವನು ಕಿತ್ತಳೆಯ ತೊಳೆಯನ್ನು ಬಾಯಿಗೆ ಇಡುವವನು ಹಾಗೆಯೇ ಕೈ ನಿಲ್ಲಿಸಿದ.

“ಎಂತ ಮಾರಾಯ? ನೀ ನನ್ನನ್ನು ಕರೆದದ್ದಲ್ವಾ?”

“ನಾನ್ಯಾಕೆ ಕರೀಲಿ?”

“ಬಲ ಬಲ ಅಂತ ಬೊಬ್ಬೆ ಹೊಡೆದ್ರೆ ಮತ್ತೆ ಎಂತ? ನಾ ಬಾರದೆ ಇರುದಾ?”

ನಾಯಕನಿಗೆ ನಗು ಸುರುವಾಗಿ ನೆಲದಲ್ಲೇ ಮಲಗಿದ. ತನಗೆ ಇಷ್ಟು ದಿನವೂ ಬಲ ಎಂದರೆ ಬಲವೇ ಕೇಳಿಸಿತ್ತು, ಇವನ ಕಿವಿಯಲ್ಲಿ ಅದು ತುಳು ಆಗುತ್ತದೆಂದು ಯಾರಿಗೆ ಗೊತ್ತು ಎಂದ. ಗೋಲಿ ನಗಲಿಲ್ಲ. ಅವನು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದ. ಇವರೆಲ್ಲ ಸೇರಿ ತನ್ನನ್ನು ಮಂಗ ಮಾಡುತ್ತಿದ್ದಾರೋ ಎಂಬ ಸಂಶಯ ಅವನ ಕಣ್ಣಿನಲ್ಲಿತ್ತು. ನಿಜವಾಗಿಯೂ ತುಳುವಿನಲ್ಲಿ ಹಾಗೆ ಉಂಟೇ ಎಂದು ಮಾಸ್ಟ್ರನ್ನು ಕೇಳಿದ. ಉಂಟು ಎಂದು ಮಾಸ್ಟ್ರು ಒಪ್ಪಲೇಬೇಕಾಯಿತು.

ಎಲ್ಲರೂ ಆಡುವಾಗ ‘ಲೆಫ್ಟ್, ರೈಟ್’ ಎನ್ನುತ್ತಾರಲ್ಲ, ನೀನೇಕೆ ಅನ್ನಲಿಲ್ಲ ಎಂದು ಕೇಳಿದೆ. ಅದಕ್ಕೆ ಉತ್ತರ ಕೊಟ್ಟವನು ನಾಯಕ. ಈ ತಂಡದಲ್ಲಿ ‘ರೈಟ್’ ಎಂದರೆ ಬಲ ಅಲ್ಲ, ಮುಂದೆ ಹೋಗು ಎಂದು. ನಮ್ಮ ಬಸ್ಸುಗಳಲ್ಲಿ ಕಂಡಕ್ಟರು ಬಾಗಿಲು ಬಡಿದು ‘ರೈಟ್ ಪೋಯಿ’, ಅಂದರೆ ರೈಟ್ ಹೋಗುವ, ಎನ್ನುತ್ತಾನಷ್ಟೆ? ಹಳೆಯ ಆಟಗಾರರು ಅದನ್ನೇ ಮೈದಾನಕ್ಕೆ ತಂದಿದ್ದರು. ರೈಟ್ ಎಂದರೆ ಇಡೀ ಸಾಲು ಮುಂದೆ ಓಡಬೇಕು. ಗೋಲಿ ಬಂದ ಹೊಸತರಲ್ಲಿ ಒಮ್ಮೆ ರೈಟ್ ಎಂದು ಕೂಗಿ, ಎಲ್ಲರೂ ಎದುರಾಳಿಯ ಗೋಲಿನತ್ತ ಓಡಿ, ಇವನೊಬ್ಬನೇ ಉಳಿದನಂತೆ. ಆ ಮಾತು ಇಲ್ಲಿ ಹೇಳಬಾರದು ಎಂದು ಅಂದೇ ತಾಕೀತಾಯಿತು. ಹಾಗೆ ಅವನು ಕನ್ನಡಕ್ಕೆ ಬಂದ.

ಮಾಸ್ಟ್ರು ಅಷ್ಟಕ್ಕೆ ಬಿಡುವವರಲ್ಲ. ಇದು ಈಗ ಕಟ್ಟಿದ ಕತೆ ಇರಬಹುದಲ್ಲ, ಹೋಟೆಲಿನಲ್ಲಿ ಭಾವನ ಹತ್ತಿರ ಗುಟ್ಟು ಮಾತಾಡಿದ್ದು ಯಾವ ಭಾಷೆಯ ತಪ್ಪು ಎಂದು ಕೇಳಿದರು. ಪ್ರಶ್ನೆ ಸರಿಯಾದದ್ದು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಎಡಬದಿಯವನು ಕಿತ್ತಳೆಯ ತೊಳೆಯನ್ನು ಕೆಳಗಿಟ್ಟ.

“ಇಲ್ಲಿ ಮಂಚ ಹೋದ್ರೆ ಅವರ ಕಾಲೇಜಿಗೆ ಸೇರಿ ಅಲ್ಲಿನ ಹಾಸ್ಟೆಲಿನಲ್ಲಿ ಸಿಗ್ತದಾ ಅಂತ ಕೇಳ್ಲಿಕ್ಕೆ ಹೋದದ್ದು. ನಿಮ್ಮ ಎದುರು ಹೇಗೆ ಕೇಳುದು ಸರ್ ಅದನ್ನು?”

ಆ ಉತ್ತರ ನಿಜವೂ ಇರಬಹುದು, ನಿಜದ ಹಾಗೆ ಚೆನ್ನಾಗಿ ಮಾಡಿದ್ದೂ ಇರಬಹುದು. ಅದನ್ನು ಬೇರೆ ಕಡೆಯಿಂದ ತಾಳೆ ನೋಡಬೇಕು ಎಂದುಕೊಂಡೆ. ಬಲದ ವಿಷಯ ಹಾಗಲ್ಲ. ಅದನ್ನು ಯಾರೂ ನನಗೆ ಹೇಳಿದ್ದಲ್ಲ, ಯಾರನ್ನೂ ಕೇಳುವ ಮೊದಲೇ ನನ್ನ ಕಿವಿಯಲ್ಲಿ ಕೇಳಿದ್ದು. ಇನ್ನರ್ಧಕ್ಕೆ ಅವನೇ ಆಡಲಿ, ಅದರಲ್ಲಿ ಗೊತ್ತಾಗುತ್ತದೆ ಎಂದು ಮಾಸ್ಟ್ರಿಗೆ ಹೇಳಿದೆ. ಒಪ್ಪಿದರು, ಒಪ್ಪಿದ ಮುಖ ಅದಲ್ಲ.

ಈಗ ಎಡಬಲಕ್ಕೆ ಹೊಸ ಹೆಸರು ಬೇಕು. ಹೊತ್ತು ಕಡಿಮೆ. ಮಲಯಾಳ ಎಂದರೆ ಗೋಲಿಗೆ ಬಾರದು, ತುಳು ಎಂದರೂ ಬಾರದು. ಯಾವ ಭಾಷೆಯಲ್ಲೂ ಬೇರೆ ಅರ್ಥವಿಲ್ಲದ ಮಾತು ಬೇಕು ಎಂದೆ ನಾನು. ನಾಯಕ ತಟ್ಟನೆ, ಊರಿನ ಹೆಸರು ಇಡುವ ಎಂದ. ಎಡಬದಿಯವನು ಕಡಬದವನು, ಆದುದರಿಂದ ಎಡ ಕಡಬ. ಬಲ ಸುಳ್ಯ. ಹಿಂದೆ ಬಾ ಎನ್ನಲು ಪುತ್ತೂರು, ಮನೆಗೆ ಬಂದ ಹಾಗೆ. ಆದರೆ ಈಗ ನಾವು ನಿಂತಿರುವುದೇ ಸುಳ್ಯದಲ್ಲಿ, ಕಡಬ ಇರುವುದು ಈ ಬರೆಯ ಆಚೆ, ಲೆಕ್ಕ ತಪ್ಪಿಹೋಗುತ್ತದೆ ಎಂದು ಬಲಬದಿಯ ಹುಡುಗ ಆಕ್ಷೇಪ ತೆಗೆದ. ನೀನು ಬಸ್ಸಿನ ಬೋರ್ಡು ನೋಡು, ದಿಕ್ಕು ನೋಡಬೇಡ ಎಂದ ನಾಯಕ. ರೈಲ್ವೆಯ ಕ್ರಮದಂತೆ ಸಂದೇಶ ಪಡೆದವನು ಅದನ್ನು ತಿರುಗಿ ಹೇಳಬೇಕು ಎಂದು ನಾನು ಸೇರಿಸಿದೆ. ಗೋಲಿ ಸುಳ್ಯ ಎಂದರೆ ಎಡಬದಿಯವನೂ ಸುಳ್ಯ ಎಂದು ಕೂಗಿ ಆಮೇಲೆ ಸರಿಯುವುದು. ಹುಡುಗರು ಮುಖ ಮುಖ ನೋಡಿಕೊಂಡರು, ಆದರೂ ಎರಡು ಸಲ ಹೇಳಿಸಿ ನೋಡಿದೆ. ಗೋಲಿ ಸುಳ್ಯ ಎಂದ, ಎಡಬದಿಯವನು ಸುಳ್ಯ ಎಂದ. ತಿಂಗಳುಗಳ ಮೇಲೆ ಅವರಿಬ್ಬರು ಜಗಳವಿಲ್ಲದೆ ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದು.

ಎರಡನೆಯ ಅರ್ಧ ಸುರುವಾಯಿತು. ನಾನು ಈ ಸಲ ಆಚೆ ಬದಿಯ ಬಲೆಯ ಹಿಂದೆ. ಸುಳ್ಯದವರು ಮತ್ತೆ ಎಡಬದಿಗೇ ಬಂದರು, ಅಲ್ಲಿ ಬಾಗಿಲು ತೆರೆದುಕೊಳ್ಳುತ್ತದೆಂದು ಅವರಿಗೆ ಅಭ್ಯಾಸವಾಗಿತ್ತು. “ಸುಳ್ಯ!” ಎಂದು ಗೋಲಿ ಕೂಗಿದ. “ಸುಳ್ಯ!” ಎಂದು ಎಡಬದಿಯವನು ತಿರುಗಿ ಕೂಗಿ ಬಲಕ್ಕೆ ಸರಿದು ಭಾವನ ಕಾಲಿನಿಂದ ಚೆಂಡು ತೆಗೆದ. ಮತ್ತೆ ಹಾಗೆಯೇ ಆಯಿತು. ಆಗ ಬರೆಯ ಮೇಲಿನಿಂದ ಒಬ್ಬರು ಮುದುಕರು, “ಎಂತ ಮಾರಾಯ್ರೆ, ಇವರಿಗೆ ನಮ್ಮೂರಿನ ಮೇಲೆ ಎಂತ ಸಿಟ್ಟು?” ಎಂದು ಕೇಳಿದ್ದು ನನಗೇ ಕೇಳಿಸಿತು. ಇನ್ನು ಕೆಲವರು ಇದು ತಮ್ಮ ತಂಡಕ್ಕೆ ಹೇಳಿದ ಜೈಕಾರ ಎಂದು ತಿಳಿದು ಚಪ್ಪಾಳೆ ಹೊಡೆದರು. ರೆಫರಿ ಆಟ ನಿಲ್ಲಿಸಿ ನಾಯಕನನ್ನು ಕರೆದು ಇದು ಬೈಗುಳವೇ ಎಂದು ವಿಚಾರಿಸಿದ. ಅಲ್ಲ, ಬಸ್ಸಿನ ಬೋರ್ಡು ಎಂದ ನಾಯಕ. ರೆಫರಿ ಅವನನ್ನು ಬಹಳ ಹೊತ್ತು ದಿಟ್ಟಿಸಿದ. ಆ ನೋಟ ನನಗೆ ಪರಿಚಯದ್ದು. ನನ್ನ ಕನ್ನಡಿಯಲ್ಲಿ ಕಾಣುವಂಥದ್ದು.

ಎಡಬದಿಯಿಂದ ಮತ್ತೆ ಗೋಲು ಬೀಳಲಿಲ್ಲ. ನಾಯಕ ತಲೆಯಲ್ಲಿ ಹೊಡೆದು ನಮ್ಮದೊಂದು ಗೋಲು ಬಂತು. ಅದು ಆ ವರ್ಷದಲ್ಲಿ ನಮ್ಮವರು ಹೊಡೆದ ಕೆಲವೇ ಗೋಲುಗಳಲ್ಲಿ ಒಂದು. ಕೊನೆಗೆ ಬಲಬದಿಯ ಮೂಲೆಯಿಂದ ಬಂದ ಚೆಂಡು ಗೋಲಿಯ ಕೈ ಜಾರಿ ಒಳಗೆ ಹೋಯಿತು. ಯಾರ ಮೇಲೂ ಸಂಶಯಪಡಲು ಆಗದಂಥ ಗೋಲು. ಸೋತೆವು. ಎಡಬದಿಯವನು ಗೋಲಿಯ ಹತ್ತಿರ ಹೋಗಿ, ಕೈಗವಸಿಗೆ ನೀರು ಹಾಕಿಕೊಂಡರೆ ಚೆಂಡು ಜಾರುವುದಿಲ್ಲ ಎಂದು ಏನೋ ಹೇಳುತ್ತಿದ್ದ. ಗೋಲಿ ತನಗೆ ಗೊತ್ತಿದೆ ಎಂದು ಸಿಡುಕಿದ. ನೇರವಾಗಿ ಜಗಳವಾಡುತ್ತಾರೆಂದರೆ ಸುಧಾರಿಸಿತು ಎಂದುಕೊಂಡೆ.

ಇನ್ನು ತಾಳೆ ನೋಡುವ ಕೆಲಸ. ನಾನು ಔಷಧಿಯ ಪೆಟ್ಟಿಗೆ ಹಿಡಿದುಕೊಂಡು ಸುಳ್ಯದ ಮುಂಚೂಣಿಯವನ ಹತ್ತಿರ ಹೋದೆ. ಅವನ ಮೊಣಕಾಲು ತರಚಿತ್ತು. ಔಷಧಿ ಹಾಕುತ್ತ, ಹಾಸ್ಟೆಲಿನ ಮಾತೆತ್ತದೆ, ಹೋದ ವಾರ ಪುತ್ತೂರಿಗೆ ಬಂದಿದ್ದೆಯಂತಲ್ಲ ಎಂದಷ್ಟೇ ಕೇಳಿದೆ. ಅವನು ನಾಚಿದವನಂತೆ ನಕ್ಕ. ಬಂದಿದ್ದೆ, ಆದರೆ ಕೆಲಸ ಆಗಲಿಲ್ಲ ಎಂದ. ನಮ್ಮ ವಾರ್ಡನ್ ಕಬಡ್ಡಿಯವರಿಗೆ ಮಾತ್ರ ಮಂಚ ಕೊಡುದು ಮಾರಾಯ್ರೆ, ಫುಟ್‌ಬಾಲಿನವ ಅಂದ್ರೆ ಬೇಡ ಅಂತಾರೆ, ಅವನಿಗೆ ಹೇಳಿದೆ, ಬೇಜಾರು ಮಾಡಿಕೊಂಡ ಎಂದ. ಇಬ್ಬರೂ ಮೊದಲೇ ಮಾತಾಡಿಕೊಂಡಿರಬಹುದೇ? ವಿರಾಮದ ನಂತರ ಅವರು ಒಟ್ಟಿಗೆ ನಿಂತದ್ದನ್ನು ನಾನು ಕಾಣಲಿಲ್ಲ, ಫೋನುಗಳು ನನ್ನ ಚೀಲದಲ್ಲಿದ್ದವು. ಅಷ್ಟು ಸಾಕೆನಿಸಿತು. ಪೂರ್ತಿ ಸಾಕೆಂದು ನಾನು ಯಾವುದಕ್ಕೂ ಹೇಳಿದವನಲ್ಲ.

ಅಲ್ಲಿನ ಊಟ, ಸಮಾರೋಪದ ಭಾಷಣ ಎಲ್ಲ ಮುಗಿಸಿ ಪುತ್ತೂರಿಗೆ ಬಂದು ಇಳಿದಾಗ ಸೂರ್ಯ ಮುಳುಗುತ್ತಿದ್ದ. ಹುಡುಗರಿಗೆ ಫೋನು ಹಿಂದೆ ಕೊಟ್ಟೆ. ಎಡಬದಿಯವನು ತನ್ನದನ್ನು ತೆಗೆದುಕೊಂಡು ಹೋಗದೆ ಗೇಟಿನ ಹತ್ತಿರ ನಿಂತ. ನಾನು ಅವನಿಗೆ ಅಲ್ಲೇ ನಿಲ್ಲಲು ಹೇಳಿ, ಅವನ ಎದುರಿಗೇ ಪ್ರಾಂಶುಪಾಲರಿಗೆ ಫೋನು ಮಾಡಿದೆ. ಸಾರಾಂಶ ಹೇಳಲಿಲ್ಲ, ನಡೆದದ್ದನ್ನು ನಡೆದ ಕ್ರಮದಲ್ಲಿ, ಆಡಿದ ಮಾತನ್ನು ಆಡಿದ ಹಾಗೆ ಒಪ್ಪಿಸಿದೆ. ಅವರು ನಗುವುದು ಕೇಳಿಸಿತು.

“ಹಾಗಾದರೆ ಈ ವರ್ಷ ನಾವು ಸೋತದ್ದು ತುಳುವಿನಿಂದಲಾ?”

“ಅಲ್ಲ ಸರ್. ಅದಿಲ್ಲದಿದ್ದರೂ ಸೋಲುತ್ತಿದ್ದೆವು. ಗುಂಪು ಅಂಥದ್ದು. ಸ್ವಲ್ಪ ಕಡಿಮೆ ಸೋಲುತ್ತಿದ್ದೆವು ಅಷ್ಟೇ.”

“ಅವನ ಮೇಲೆ ನಿಮಗೀಗ ಸಂಶಯ ಇಲ್ಲವಾ?”

ಎಡಬದಿಯವನು ನನ್ನ ಮುಖವನ್ನೇ ನೋಡುತ್ತಿದ್ದ.

“ಎಲ್ಲರ ಮೇಲೆ ಇರುವಷ್ಟು ಉಂಟು. ತಂಡದಿಂದ ತೆಗೆಯುವಷ್ಟು ಇಲ್ಲ. ಮಂಚ ಅವನಿಗೇ ಇರಲಿ.”

ಸರಿ ಎಂದರು. ವಾರ್ಡನ್ನರಿಗೆ ಈಗಲೇ ತಿಳಿಸಿಬಿಡಿ, ಸೋಮವಾರದ ತನಕ ಕಾಯಬೇಡಿ ಎಂದು ನಾನು ಹೇಳಿದ್ದಕ್ಕೂ ಒಪ್ಪಿದರು. ಫೋನು ಇಟ್ಟ ಮೇಲೆ ಹುಡುಗ ಏನೋ ಹೇಳಲು ಬಾಯಿ ತೆರೆದ. ಊಟದ ಹೊತ್ತಾಯಿತು, ತಡವಾದರೆ ಹಾಸ್ಟೆಲಿನಲ್ಲಿ ಸಾರು ಉಳಿಯುವುದಿಲ್ಲ ಎಂದು ನಾನು ಅವನನ್ನು ಕಳುಹಿಸಿದೆ. ಅವನು ಓಡುತ್ತಲೇ ಹೋದ.

ಆಟದ ಸಾಮಾನಿನ ಕೋಣೆಯ ಕೆಲಸ ಉಳಿದಿತ್ತು. ಅಂಗಿಗಳನ್ನು ಬೆವರು ಒಣಗುವಂತೆ ಹಗ್ಗಕ್ಕೆ ಹಾಕಿದೆ. ಇನ್ನು ಮುಂದಿನ ಮಳೆಗಾಲ ಕಳೆಯುವ ತನಕ ಪಂದ್ಯವಿಲ್ಲವಾದುದರಿಂದ ಚೆಂಡುಗಳ ಗಾಳಿಯನ್ನು ಅರ್ಧ ತೆಗೆದು, ಕೆಂಪು ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸಾಲಾಗಿ ಜೋಡಿಸಿದೆ. ದೀಪ ಆರಿಸಿ ಬಾಗಿಲಿಗೆ ಬೀಗ ಹಾಕಿದೆ. ಬೀಗವನ್ನು ಒಮ್ಮೆ ಎಳೆದು ನೋಡಿದೆ, ಭದ್ರವಾಗಿತ್ತು.